ಬೆಂಕಿ, ನೀರು, ಎಣ್ಣೆ: ನಡುವೆ ಒಂದು ತೆಳು ಗೋಡೆ

ಕಾರಿಗೆ ಪದೇ ಪದೇ ನೀರು ಹಾಕಬೇಕಾಗಿದೆ, ಎಂಜಿನ್ ಎಣ್ಣೆ ಇಳಿಯುತ್ತಿದೆ ಎಂದರೆ ಮತ್ತೆ ತುಂಬಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಅದು ಹೋಗುತ್ತಿರುವುದಾದರೂ ಎಲ್ಲಿಗೆ?

“ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಎಂಜಿನ್ ಬಿಚ್ಚಬೇಕು.”

ಗ್ಯಾರೇಜಿನಲ್ಲಿ ಈ ಮಾತು ಕೇಳಿಸಿಕೊಂಡ ಕಾರು ಮಾಲೀಕರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಹೋದದ್ದು ಏನು, ಅದು ಎಲ್ಲಿತ್ತು, ಯಾಕೆ ಹೋಯಿತು, ನಿಜವಾಗಿಯೂ ಹೋಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಕಡಿಮೆ. ಗೊತ್ತಾಗುವುದು ಕೊನೆಯಲ್ಲಿ ಕೈಗೆ ಬರುವ ಬಿಲ್ಲು ಮಾತ್ರ. ಸಾಲಸೋಲ ಮಾಡಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ಸಂಸಾರದಲ್ಲಿ ಆ ಬಿಲ್ಲು ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಹಣವನ್ನೇ ನುಂಗಿಬಿಡಬಹುದು.

ಸೋಜಿಗವೆಂದರೆ, ಈ ಕಾಯಿಲೆಯ ಹಿಂದಿರುವ ವಿಜ್ಞಾನವೆಲ್ಲ ನಮ್ಮ ಹೈಸ್ಕೂಲು ಪುಸ್ತಕಗಳಲ್ಲೇ ಇದೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ, ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದು ಏರುತ್ತದೆ, ದ್ರವ್ಯ ನಾಶವಾಗುವುದಿಲ್ಲ. ಪರೀಕ್ಷೆಯಲ್ಲಿ ಎರಡೆರಡು ಅಂಕಕ್ಕೆ ಬರೆದು ಮರೆತುಬಿಡುವ ಈ ಮೂರು ಪಾಠಗಳು ಕಾರಿನ ಬಾನೆಟ್ಟಿನ ಕೆಳಗೆ ದಿನವೂ ನಡೆಯುತ್ತಿವೆ. ಅವನ್ನು ನೆನಪಿಟ್ಟುಕೊಂಡವರಿಗೆ ಗ್ಯಾಸ್ಕೆಟ್ ಕೆಡುವ ಮೊದಲೇ ಅದರ ಸೂಚನೆಗಳು ಕಾಣುತ್ತವೆ. ಮರೆತವರಿಗೆ ಹೊಗೆ ಎದ್ದ ಮೇಲಷ್ಟೇ ಕಾಣುತ್ತದೆ.

ಒಂದೇ ವಠಾರದ ಮೂವರು

ಎಂಜಿನ್ನನ್ನು ಒಂದು ಹಳೆಯ ವಠಾರ ಎಂದುಕೊಳ್ಳಿ. ಅಲ್ಲಿ ಒಬ್ಬರಿಗೊಬ್ಬರು ಆಗದ ಮೂವರು ಬಾಡಿಗೆದಾರರು ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುತ್ತಾರೆ. ಒಬ್ಬ ಬೆಂಕಿ, ಇನ್ನೊಬ್ಬ ನೀರು, ಮತ್ತೊಬ್ಬ ಎಣ್ಣೆ. ಬೆಂಕಿ ದುಡಿದು ಕಾರು ಓಡಿಸುತ್ತಾನೆ. ಅವನ ತಾಪವನ್ನು ನೀರು ಹೊತ್ತು ಹೊರಗೆ ಸಾಗಿಸುತ್ತಾನೆ. ತಿರುಗುವ, ಉಜ್ಜುವ ಭಾಗಗಳಿಗೆಲ್ಲ ಎಣ್ಣೆ ನಯ ಕೊಡುತ್ತಾನೆ. ಪ್ರತಿಯೊಬ್ಬನೂ ತನ್ನ ಕೋಣೆಯಲ್ಲಿದ್ದರೆ ವಠಾರ ಶಾಂತ. ಒಬ್ಬ ಇನ್ನೊಬ್ಬನ ಕೋಣೆಗೆ ನುಗ್ಗಿದ ದಿನ ಅನಾಹುತ.

ಎಂಜಿನ್ನಿನ ಕೆಳಭಾಗದ ದಪ್ಪ ಲೋಹದ ಗಟ್ಟಿಗೆ ಬ್ಲಾಕ್ ಎಂದು ಹೆಸರು. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವ ಸಿಲಿಂಡರುಗಳು ಇರುವುದು ಇದರಲ್ಲಿ. ಅದರ ಮೇಲೆ ಮುಚ್ಚಳದಂತೆ ಕೂರುವುದು ಸಿಲಿಂಡರ್ ಹೆಡ್. ಕವಾಟಗಳು, ಸ್ಪಾರ್ಕ್ ಪ್ಲಗ್ಗುಗಳು ಇದರಲ್ಲಿವೆ. ಬ್ಲಾಕ್‌ನಿಂದ ಹೆಡ್‌ಗೆ ನೀರು ಹರಿಯುವ ಓಣಿಗಳಿವೆ, ಎಣ್ಣೆ ಏರುವ ಮತ್ತು ಇಳಿಯುವ ಬೇರೆ ಓಣಿಗಳಿವೆ, ನಡುವೆ ಬೆಂಕಿ ಉರಿಯುವ ದೊಡ್ಡ ವೃತ್ತಗಳಿವೆ. ಎರಡು ಲೋಹಗಳ ಸಂದಿನಲ್ಲಿ ಈ ಮೂರನ್ನೂ ಬೇರೆ ಬೇರೆ ಇಡುವ ಗೋಡೆಯೇ ಹೆಡ್ ಗ್ಯಾಸ್ಕೆಟ್. ಸಣ್ಣ ಕಾರುಗಳಲ್ಲಿ ಇದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೇ.

ಈ ತೆಳು ಹಾಳೆಯ ಮೇಲೆ ಬೀಳುವ ಹೊರೆಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಸಿಲಿಂಡರಿನ ವ್ಯಾಸ 7 ಸೆಂ.ಮೀ. ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 38 ಚದರ ಸೆಂ.ಮೀ. ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯ ಗರಿಷ್ಠ ಒತ್ತಡ ಚದರ ಸೆಂ.ಮೀ.ಗೆ 50 ಕೆ.ಜಿ. ಎಂದು ಹಿಡಿದರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ 1900 ಕೆ.ಜಿ., ಅಂದರೆ ಹತ್ತಿರ ಹತ್ತಿರ ಎರಡು ಟನ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ ಈ ಹೊಡೆತ ಸೆಕೆಂಡಿಗೆ 25 ಸಲ ಬೀಳುತ್ತದೆ. ಆ ಕ್ಷಣ ಉರಿಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕೆಲವೇ ಮಿಲಿಮೀಟರ್ ಆಚೆಗೆ ನೀರು ಹರಿಯುತ್ತಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಂತೂ ಒತ್ತಡ ಇದರ ಎರಡು ಮೂರು ಪಟ್ಟು.

ಹಾಗಾದರೆ ಬ್ಲಾಕ್, ಹೆಡ್ ಎರಡನ್ನೂ ಒಂದೇ ಎರಕದಲ್ಲಿ ಹೊಯ್ದುಬಿಡಬಾರದೇ? ಮೊದಮೊದಲು ಅನೇಕರು ಹಾಗೆಯೇ ಮಾಡುತ್ತಿದ್ದರು. ಆದರೆ ಕವಾಟ ಉಜ್ಜಲು, ಮಸಿ ತೆಗೆಯಲು ಒಳಗೆ ಕೈ ಹೋಗುತ್ತಿರಲಿಲ್ಲ. 1908ರಲ್ಲಿ ಬಂದ ಹೆನ್ರಿ ಫೋರ್ಡರ ‘ಮಾಡೆಲ್ ಟಿ’ ಕಾರಿನಲ್ಲಿ ಹೆಡ್ಡನ್ನು ಬಿಚ್ಚಿ ತೆಗೆಯುವಂತೆ ಮಾಡಲಾಯಿತು. ಹಳ್ಳಿಯ ರೈತನೂ ಸ್ಪ್ಯಾನರ್ ಹಿಡಿದು ಎಂಜಿನ್ ಬಿಚ್ಚುವಂತಾಯಿತು. ಆ ಅನುಕೂಲಕ್ಕೆ ತೆತ್ತ ಬೆಲೆಯೇ ಈ ಗ್ಯಾಸ್ಕೆಟ್. ಆಗ ಅದು ತಾಮ್ರದ ಹಾಳೆಗಳ ನಡುವೆ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇಟ್ಟ ಪದರ. ಕಲ್ನಾರಿನ ದೂಳು ಕ್ಯಾನ್ಸರ್ ತರುತ್ತದೆಂದು ತಿಳಿದ ಮೇಲೆ ಗ್ರಾಫೈಟ್ ಬಂತು. ಈಗಿನ ಬಹುಪಾಲು ಎಂಜಿನ್‌ಗಳಲ್ಲಿ ಇರುವುದು ಹಲವು ತೆಳು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ರಬ್ಬರಿನ ಲೇಪ ಕೊಟ್ಟ ಗ್ಯಾಸ್ಕೆಟ್.

ಅರ್ಧ ಮಿಲಿಮೀಟರಿನ ಜಗಳ

ಗ್ಯಾಸ್ಕೆಟ್ ತಾನಾಗಿ ಸಾಯುವುದು ಅಪರೂಪ. ಸಾಮಾನ್ಯವಾಗಿ ಅದನ್ನು ಕೊಲ್ಲುವುದು ಮಿತಿಮೀರಿದ ಬಿಸಿ.

ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಕೂರಿಸಿದ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಯೂಮಿನಿಯಂ ಹಗುರ, ಬೇಗ ಬಿಸಿ ಬಿಟ್ಟುಕೊಡುತ್ತದೆ. ಆದರೆ ಒಂದು ಡಿಗ್ರಿ ಬಿಸಿಗೆ ಅದು ಹಿಗ್ಗುವ ಪ್ರಮಾಣ ಹತ್ತು ಲಕ್ಷದಲ್ಲಿ 23 ಪಾಲು. ಎರಕದ ಕಬ್ಬಿಣದ್ದು ಸುಮಾರು 12 ಪಾಲು ಮಾತ್ರ. ಹೆಡ್ಡಿನ ಉದ್ದ 40 ಸೆಂ.ಮೀ., ಉಷ್ಣತೆ ಏರಿದ್ದು 100 ಡಿಗ್ರಿ ಎಂದರೆ ಅಲ್ಯೂಮಿನಿಯಂ 0.92 ಮಿ.ಮೀ. ಹಿಗ್ಗಲು ನೋಡುತ್ತದೆ, ಕೆಳಗಿನ ಕಬ್ಬಿಣ 0.48 ಮಿ.ಮೀ. ಹಿಗ್ಗುತ್ತದೆ. ವ್ಯತ್ಯಾಸ 0.44 ಮಿ.ಮೀ. ಬೆಳಿಗ್ಗೆ ಕಾರು ಹೊರಟಾಗ ಒಮ್ಮೆ, ಸಂಜೆ ತಣಿದಾಗ ಒಮ್ಮೆ, ಈ ಅರ್ಧ ಮಿಲಿಮೀಟರಿನ ಎಳೆದಾಟವನ್ನು ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಅಷ್ಟನ್ನು ಸಹಿಸಲೆಂದೇ ಅದನ್ನು ಮಾಡಿರುತ್ತಾರೆ.

ಆದರೆ ನೀರು ಖಾಲಿಯಾಗಿ ಎಂಜಿನ್ ಕಾದುಹೋದರೆ ಲೆಕ್ಕ ತಪ್ಪುತ್ತದೆ. ಹಿಗ್ಗಲು ಹೊರಟ ಹೆಡ್ಡನ್ನು ಬೋಲ್ಟುಗಳು ಬಿಗಿಯಾಗಿ ಹಿಡಿದಿರುತ್ತವೆ. ಹೋಗಲು ಜಾಗವಿಲ್ಲದೆ ಅದು ಬಿಲ್ಲಿನಂತೆ ಬಾಗುತ್ತದೆ. ತಣಿದ ಮೇಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಹೆಡ್ಡಿನ ತಳ 0.05 ಮಿ.ಮೀ.ಗಿಂತ ಹೆಚ್ಚು ಬಾಗಿರಬಾರದು ಎಂಬ ನಿಯಮವಿದೆ. ನಮ್ಮ ತಲೆಗೂದಲಿನ ಎಳೆಯೇ ಸಾಮಾನ್ಯವಾಗಿ ಇದಕ್ಕಿಂತ ದಪ್ಪ! ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ಬೆಂಕಿ ಅದರಲ್ಲಿ ನುಸುಳಿ ಗ್ಯಾಸ್ಕೆಟ್ಟನ್ನು ಸುಡುತ್ತಾ ದಾರಿ ಮಾಡಿಕೊಳ್ಳುತ್ತದೆ.

“ನಮ್ಮ ಕಾಲದ ಅಂಬಾಸಡರ್ ಎಷ್ಟು ಸಲ ಕುದಿದರೂ ಏನೂ ಆಗುತ್ತಿರಲಿಲ್ಲ” ಎಂದು ಹಿರಿಯರು ಹೇಳುವುದುಂಟು. ಅದರಲ್ಲಿ ಸತ್ಯವಿದೆ. ಹಳೆಯ ಅಂಬಾಸಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕೂ ಕಬ್ಬಿಣ, ಹೆಡ್ಡೂ ಕಬ್ಬಿಣ. ಎರಡೂ ಸಮನಾಗಿ ಹಿಗ್ಗುತ್ತಿದ್ದವು. ಘಟ್ಟದಲ್ಲಿ ಹಬೆ ಎದ್ದರೆ ನಿಲ್ಲಿಸಿ, ಹಳ್ಳದ ನೀರು ತುಂಬಿಸಿ ಮುಂದೆ ಹೋಗುವ ರೂಢಿ ಬಂದದ್ದು ಅಂಥ ಎಂಜಿನ್‌ಗಳಿಂದ. 2014ರಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತಿತು, ರೂಢಿ ಮಾತ್ರ ಉಳಿದಿದೆ. ಇವತ್ತಿನ ಅಲ್ಯೂಮಿನಿಯಂ ಹೆಡ್ಡಿಗೆ ಆ ರೂಢಿ ಮಾರಕ.

ಕುಕ್ಕರಿನ ಪಾಠ

ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಿಸಿಯಾಗಿ ರೇಡಿಯೇಟರಿನ ನೀರಿಗೆ ಸೇರುತ್ತದೆ. ಈ ನೀರು ಕುದಿಯಬಾರದು. ಯಾಕೆಂದರೆ ಹಬೆಯ ಗುಳ್ಳೆ ಕೂತ ಕಡೆ ಲೋಹಕ್ಕೆ ನೀರು ತಾಗುವುದಿಲ್ಲ. ಅಲ್ಲಿ ಬಿಸಿ ಹೊರಹೋಗದೆ ಉಳಿಯುತ್ತದೆ.

ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಎಂಜಿನ್ ಸುಖವಾಗಿ ಓಡುವ ಉಷ್ಣತೆಯೋ 90ರ ಸುತ್ತಮುತ್ತ. ಅಂತರ ತೀರಾ ಕಡಿಮೆ. ಅದಕ್ಕೇ ರೇಡಿಯೇಟರಿಗೆ ಕುಕ್ಕರಿನ ವೆಯ್ಟ್‌ನಂಥ ಸ್ಪ್ರಿಂಗ್ ಮುಚ್ಚಳ. ಒಳಗೆ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುವರಿ ಒತ್ತಡ ನಿಂತರೆ ನೀರಿನ ಕುದಿಬಿಂದು 120 ಡಿಗ್ರಿಗೆ ಏರುತ್ತದೆ. ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಹಾಕಿದರೆ ಇನ್ನೂ ಮೇಲೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ನಿಲ್ಲದೇ ಹೋದರೆ ಈ ಲಾಭವೆಲ್ಲ ಸೋರಿಹೋಗುತ್ತದೆ. ಅಗ್ಗದ ಒಂದು ಮುಚ್ಚಳ ದುಬಾರಿ ಎಂಜಿನ್ನನ್ನು ಕೆಡಿಸುವುದು ಹೀಗೆ.

ಎರಡನೆಯ ಶತ್ರು ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಕಲ್ಲಿನಂಥ ಪದರ ಕಟ್ಟುವುದನ್ನು ಅವರು ದಿನವೂ ನೋಡುತ್ತಾರೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಸುಣ್ಣದ ಪದರ ಅದರ ಸಣ್ಣ ನಳಿಗೆಗಳಲ್ಲಿ ಕಟ್ಟುತ್ತದೆ. ಸುಣ್ಣ ಬಿಸಿಯನ್ನು ಸಾಗಿಸದು. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಅವು ಕಾಲಕ್ರಮದಲ್ಲಿ ಸವೆಯುತ್ತವೆ. ಆದ್ದರಿಂದ ಅದನ್ನು ಗೊತ್ತಾದ ಅವಧಿಗೆ ಬದಲಾಯಿಸಬೇಕು. ಬೆರೆಸಲು ಬಟ್ಟಿ ಇಳಿಸಿದ ನೀರೇ ಬೇಕು. ಒಂದು ಎಚ್ಚರಿಕೆ: ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅದು ಸಿಗಬಾರದು.

ಮೂರನೆಯದು ಥರ್ಮೋಸ್ಟಾಟ್. ಎಂಜಿನ್ ಬೆಚ್ಚಗಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ, 80 ಡಿಗ್ರಿ ದಾಟಿದ ಮೇಲೆ ತೆರೆಯುವ ಪುಟ್ಟ ಕವಾಟ ಇದು. “ನಮ್ಮ ಸೆಖೆಗೆ ಇದು ಬೇಡ” ಎಂದು ಕೆಲವರು ಕಿತ್ತು ಬಿಸಾಡುತ್ತಾರೆ. ಆಗ ಎಂಜಿನ್ ಬೇಕಾದಷ್ಟು ಬಿಸಿಯೇ ಆಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಜ್ವರ ಬಂತೆಂದು ಥರ್ಮಾಮೀಟರ್ ಒಡೆದುಹಾಕಿದ ಹಾಗೆ.

ಎಲ್ಲಿಗೆ ಹೋಯಿತು?

ಈಗ ಮೂರನೆಯ ಪಾಠ. ದ್ರವ್ಯ ಮಾಯವಾಗುವುದಿಲ್ಲ ಎಂದು 18ನೆಯ ಶತಮಾನದಲ್ಲೇ ಫ್ರಾನ್ಸಿನ ಲವಾಸಿಯೇ ತಕ್ಕಡಿ ಇಟ್ಟುಕೊಂಡು ತೋರಿಸಿದ. ಕಾರಿನ ನೀರು, ಎಣ್ಣೆಗಳೂ ಮಾಯವಾಗುವುದಿಲ್ಲ. ಅವುಗಳಿಗೆ ಇರುವುದು ಮೂರೇ ದಾರಿ: ನೆಲಕ್ಕೆ, ಹೊಗೆಗೆ, ಇಲ್ಲವೇ ಪಕ್ಕದ ಕೋಣೆಗೆ.

ನೆಲಕ್ಕೆ ಹೋಗುತ್ತಿದ್ದರೆ ಪತ್ತೆ ಸುಲಭ. ರಾತ್ರಿ ಕಾರಿನಡಿ ಹಳೆಯ ಪತ್ರಿಕೆ ಹಾಸಿಡಿ. ಬೆಳಿಗ್ಗೆ ಕಪ್ಪು ಅಥವಾ ಕಂದು ಜಿಡ್ಡಿನ ಚುಕ್ಕೆ ಕಂಡರೆ ಎಂಜಿನ್ ಎಣ್ಣೆ. ಹಸಿರು, ಕೆಂಪು ಅಥವಾ ನೀಲಿಯ ನೀರು ಕಂಡರೆ ಕೂಲೆಂಟ್. ಬಣ್ಣವಿಲ್ಲದ ನೀರಾದರೆ ಏರ್ ಕಂಡೀಷನರಿನದು, ಚಿಂತೆಯಿಲ್ಲ. ಎಣ್ಣೆ ಸೋರುವ ಜಾಗ ಬಹಳ ಸಲ ಹೆಡ್ ಗ್ಯಾಸ್ಕೆಟ್ ಅಲ್ಲವೇ ಅಲ್ಲ. ಅದಕ್ಕೂ ಮೇಲಿರುವ ಕವಾಟದ ಮುಚ್ಚಳದ ಗ್ಯಾಸ್ಕೆಟ್ಟೋ, ತಳದ ಸಂಪಿನದೋ, ಯಾವುದೋ ಆಯಿಲ್ ಸೀಲೋ ಆಗಿರುತ್ತದೆ. ಮೇಲಿನ ಮುಚ್ಚಳದಿಂದ ಜಿನುಗಿದ ಎಣ್ಣೆ ಇಳಿದು ಬಂದು ಹೆಡ್ಡಿನ ಸಂದಿನಲ್ಲಿ ಕೂತು, ನೋಡುವವರಿಗೆ ಹೆಡ್ ಗ್ಯಾಸ್ಕೆಟ್ಟೇ ಸೋರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಮೊದಲು ಎಂಜಿನ್ ಒರೆಸಿ ತೊಳೆದು, ನಾಲ್ಕು ದಿನ ಓಡಿಸಿ, ಮತ್ತೆ ನೋಡಬೇಕು. ಸಣ್ಣ ಕೆಲಸಕ್ಕೆ ದೊಡ್ಡ ಬಿಲ್ಲು ಬೀಳುವುದು ತಪ್ಪುತ್ತದೆ.

ಹೊಗೆಗೆ ಹೋಗುತ್ತಿದ್ದರೆ ಬಣ್ಣ ನೋಡಿ. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋದರೆ ಕವಾಟದ ಸೀಲುಗಳ ಮೇಲೆ ಅನುಮಾನ; ಏರಿನಲ್ಲಿ ಎಳೆಯುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳ ಮೇಲೆ. ದಟ್ಟ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಬೆಂಕಿಯ ಕೋಣೆಗೆ ನುಗ್ಗಿದೆ ಎಂದರ್ಥ. ಮಲೆನಾಡಿನ ಚಳಿಯಲ್ಲಿ ಬೆಳಗಿನ ಹೊತ್ತು ಎಲ್ಲ ಕಾರುಗಳೂ ಸ್ವಲ್ಪ ಬಿಳಿ ಹಬೆ ಬಿಡುತ್ತವೆ. ಅದು ಎರಡು ಮೂರು ನಿಮಿಷದಲ್ಲಿ ಮಾಯವಾದರೆ ರೋಗವಲ್ಲ.

ಪಕ್ಕದ ಕೋಣೆಗೆ ಹೋಗುವುದೇ ಎಲ್ಲಕ್ಕಿಂತ ಅಪಾಯ. ನೀರು ಎಣ್ಣೆಗೆ ಸೇರಿದರೆ ಡಿಪ್‌ಸ್ಟಿಕ್ ತೆಗೆದಾಗ ಕಪ್ಪು ಎಣ್ಣೆಯ ಬದಲು ಹಾಲು ಬೆರೆಸಿದ ಕಾಫಿಯಂಥ ಬಣ್ಣ ಕಾಣುತ್ತದೆ. ಎಣ್ಣೆಯ ಮಟ್ಟ ಇಳಿಯುವ ಬದಲು ಏರಿರುವುದೂ ಉಂಟು! ಹಾಕದೆಯೇ ಏರಿದ ಎಣ್ಣೆ ನೋಡಿ ಸಂತೋಷಪಡಬಾರದು. ಎಂಜಿನ್ನಿನ ಬೇರಿಂಗುಗಳನ್ನು ಕಾಯುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ. ನೀರು ಬೆರೆತ ಎಣ್ಣೆಗೆ ಆ ಪೊರೆ ಕಟ್ಟುವ ಶಕ್ತಿ ಇಲ್ಲ. ಹಾಗೆಯೇ ಎಣ್ಣೆ ನೀರಿಗೆ ಸೇರಿದರೆ ರೇಡಿಯೇಟರಿನ ಬಾಯಲ್ಲಿ ಕಂದು ಕೆನೆ. ಬೆಂಕಿಯ ಅನಿಲ ನೀರಿಗೆ ಸೇರಿದರೆ ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ, ಕಲ್ಲಿನಂತೆ ಗಟ್ಟಿಯಾದ ಕೊಳವೆಗಳು, ಪದೇ ಪದೇ ಉಕ್ಕಿ ಹೊರಚೆಲ್ಲುವ ನೀರು. ಆದರೆ ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಕೆನೆ ಕಂಡು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ ಹೆದರಬೇಕಾಗಿಲ್ಲ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಗಾಳಿಯ ತೇವವೇ ಹಾಗೆ ಕೂರುತ್ತದೆ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಹೊಸ ಎಂಜಿನ್ನೂ ಅಷ್ಟಿಷ್ಟು ಎಣ್ಣೆ ಕುಡಿಯುತ್ತದೆ. 1000 ಕಿ.ಮೀ.ಗೆ ಅರ್ಧ ಲೀಟರಿನವರೆಗೆ ಸಹಜ ಎಂದು ತಮ್ಮ ಕೈಪಿಡಿಯಲ್ಲೇ ಬರೆದುಕೊಂಡ ಕಂಪನಿಗಳಿವೆ. ಸಣ್ಣ ಕಾರಿನಲ್ಲಿ ಇರುವುದೇ ಸುಮಾರು ಮೂರು ಲೀಟರ್. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಸುಮಾರು ಒಂದು ಲೀಟರ್. ಡ್ಯಾಷ್‌ಬೋರ್ಡಿನ ಕೆಂಪು ದೀಪ ಹೇಳುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿಕೊಂಡಾಗ ಎಣ್ಣೆ ಕೆಳಗಿನ ಗೆರೆಗಿಂತ ಎಷ್ಟೋ ಕೆಳಗೆ ಇಳಿದಿರಬಹುದು. ಆ ದೀಪಕ್ಕೆ “ಮುಂದಿನ ಪೆಟ್ರೋಲ್ ಬಂಕಿನಲ್ಲಿ ನೋಡೋಣ” ಎಂಬ ಉತ್ತರವಿಲ್ಲ. ಎಂಜಿನ್ ಆಫ್ ಮಾಡುವುದೊಂದೇ ಉತ್ತರ.

ಘಟ್ಟದ ನಡುವೆ ಐದು ನಿಮಿಷ

ಮೇ ತಿಂಗಳು, ಶಾಲೆಗೆ ರಜೆ. ಮಂಗಳೂರಿನ ಕಡೆಯಿಂದ ಶಿರಾಡಿ ಹತ್ತುತ್ತಿದ್ದೀರಿ. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಓಡುತ್ತಿದೆ, ಮುಂದೆ ಲಾರಿಗಳ ಸಾಲು. ಗೇರು ಎರಡನೆಯದು, ಎಂಜಿನ್ ಜೋರು, ರೇಡಿಯೇಟರಿಗೆ ಬೀಸುವ ಗಾಳಿ ಕಡಿಮೆ. ಉಷ್ಣತೆಯ ಮುಳ್ಳು ಮೆಲ್ಲಗೆ ಏರುತ್ತದೆ. “ಇನ್ನು ನಾಲ್ಕೇ ಕಿಲೋಮೀಟರ್, ಸಕಲೇಶಪುರ ಬಂದೇಬಿಡುತ್ತದೆ” ಎನ್ನುತ್ತೀರಿ. ಅನೇಕ ಗ್ಯಾಸ್ಕೆಟ್ಟುಗಳು ಸತ್ತಿರುವುದು ಆ ನಾಲ್ಕು ಕಿಲೋಮೀಟರಿನಲ್ಲಿ.

ಮುಳ್ಳು ಮಾಮೂಲಿ ಜಾಗ ಬಿಟ್ಟು ಏರಲು ಶುರುವಾದಾಗಲೇ ಏಸಿ ನಿಲ್ಲಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಕಿಟಕಿ ಇಳಿಸಿ. ಅದೂ ಒಂದು ಪುಟ್ಟ ರೇಡಿಯೇಟರೇ. ಕೆಂಪು ಗೆರೆ ಮುಟ್ಟಿದರೆ, ಕೆಂಪು ದೀಪ ಹೊತ್ತಿದರೆ ಅಥವಾ ಹಬೆ ಎದ್ದರೆ ಮುಂದೆ ಯೋಚನೆ ಬೇಡ. ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಂಜಿನ್ ಕಾದಿದೆ ಎಂದು ಹೇಳಿದ ಮುಳ್ಳು ತಾನಾಗಿ ಕೆಳಗಿಳಿದರೂ ನಂಬಬೇಡಿ. ನೀರೆಲ್ಲ ಖಾಲಿಯಾದರೆ ಉಷ್ಣತೆ ಅಳೆಯುವ ಕಡ್ಡಿಗೆ ನೀರು ತಾಗದೆ ಅದು ತಪ್ಪು ಲೆಕ್ಕ ಕೊಡುವುದುಂಟು. ಮುಳ್ಳೇ ಇಲ್ಲದೆ ಬರಿಯ ದೀಪವಿರುವ ಕಾರುಗಳೂ ಬಹಳ. ಅಂಥ ಕಾರಿನವರು ಹಬೆಗೆ, ವಾಸನೆಗೆ ಗಮನ ಕೊಡಬೇಕು.

ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿನ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುವುದು ಒತ್ತಡದಿಂದ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಒಮ್ಮೆಗೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ವೆಯ್ಟ್ ತೆಗೆಯದೆ ಕುಕ್ಕರ್ ತೆರೆದ ಹಾಗೆ. ಅರ್ಧದಿಂದ ಮುಕ್ಕಾಲು ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಸೀಳುವಂತೆ ಲೋಹವೂ ಸೀಳಬಹುದು. ಎಂಜಿನ್ ನಿಂತರೂ ಬ್ಯಾಟರಿಯಿಂದ ಫ್ಯಾನ್ ತಟ್ಟನೆ ತಿರುಗಬಹುದು, ಮಕ್ಕಳ ಕೈ ದೂರವಿರಲಿ. ಆಮೇಲೂ ಅನುಮಾನ ಉಳಿದರೆ ಕಾರನ್ನು ಎಳೆಸಿಕೊಂಡು ಹೋಗುವುದೇ ಲೇಸು. ಎಳೆಸುವ ಖರ್ಚು ಹೆಡ್ಡಿನ ಖರ್ಚಿಗಿಂತ ಯಾವಾಗಲೂ ಕಡಿಮೆ.

ಬ್ರಿಟನ್ನಿನ ಒಂದು ಪಾಠ

ಎಲ್ಲ ತಪ್ಪೂ ಮಾಲೀಕರದೇ ಎನ್ನುವುದೂ ಸರಿಯಲ್ಲ. ಬ್ರಿಟನ್ನಿನ ರೋವರ್ ಕಂಪನಿ 1980ರ ದಶಕದ ಕೊನೆಯಲ್ಲಿ ‘ಕೆ ಸೀರೀಸ್’ ಎಂಬ ಎಂಜಿನ್ ಹೊರತಂದಿತು. ಅಲ್ಯೂಮಿನಿಯಂನ ಹಗುರ ಎಂಜಿನ್. ಹೆಡ್ಡಿನಿಂದ ತಳದವರೆಗೆ ಹತ್ತು ಉದ್ದ ಬೋಲ್ಟುಗಳು ಇಡೀ ಎಂಜಿನ್ನನ್ನು ಸ್ಯಾಂಡ್‌ವಿಚ್ಚಿನಂತೆ ಬಿಗಿಹಿಡಿಯುತ್ತಿದ್ದವು. ಜಾಣ ವಿನ್ಯಾಸವೆಂದು ಹೊಗಳಿಕೆ ಬಂತು. ಮೊದಲು 1.1 ಮತ್ತು 1.4 ಲೀಟರಿನದಾಗಿದ್ದ ಎಂಜಿನ್ನನ್ನು 1990ರ ದಶಕದಲ್ಲಿ 1.8 ಲೀಟರಿನವರೆಗೆ ಹಿಗ್ಗಿಸಿದರು. ಹೆಡ್ ಗ್ಯಾಸ್ಕೆಟ್ ಹೋಗುವ ದೂರು ಹೆಚ್ಚಾಗಿ ಬಂದದ್ದು ಈ ದೊಡ್ಡ ಎಂಜಿನ್‌ಗಳಿಂದ.

ಕಾರಣಗಳು ಹಲವು. ಎಂಜಿನ್ ಬೇಗ ಬೆಚ್ಚಗಾಗಲೆಂದು ಅದರಲ್ಲಿ ನೀರನ್ನು ಕಡಿಮೆ ಇಟ್ಟಿದ್ದರು. ಸ್ವಲ್ಪ ಸೋರಿದರೂ ಬೇಗ ಬರಿದಾಗುತ್ತಿತ್ತು. ಥರ್ಮೋಸ್ಟಾಟ್ ನೀರು ಒಳಬರುವ ಬದಿಯಲ್ಲಿದ್ದುದರಿಂದ ಅದು ತೆರೆದಾಗ ತಣ್ಣನೆಯ ನೀರು ಕಾದ ಲೋಹಕ್ಕೆ ಒಮ್ಮೆಗೇ ತಾಗುತ್ತಿತ್ತು. ಹೆಡ್ಡನ್ನು ಸರಿಯಾದ ಜಾಗದಲ್ಲಿ ಕೂರಿಸುವ ಪುಟ್ಟ ಗೂಟಗಳು ಪ್ಲಾಸ್ಟಿಕ್ಕಿನವು. ಹೆಡ್ಡು ಅತ್ತಿತ್ತ ಅಲುಗುವುದನ್ನು ತಡೆಯಲು ಅವುಗಳಿಗೆ ಬಲ ಸಾಲದಾಯಿತು. ಮುಂದೆ ಉಕ್ಕಿನ ಗೂಟ, ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಬಂದವು. ಆದರೆ ಅಷ್ಟರಲ್ಲಿ ಹೆಸರು ಕೆಟ್ಟಿತ್ತು. ಎಂಜಿ ರೋವರ್ ಕಂಪನಿ ಬೇರೆ ಅನೇಕ ಕಾರಣಗಳಿಂದ 2005ರ ಏಪ್ರಿಲ್‌ನಲ್ಲಿ ಕುಸಿಯಿತು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇದರಲ್ಲಿ ಒಂದು ಪಾಠವಿದೆ. ಬುದ್ಧಿವಂತ ವಿನ್ಯಾಸವೂ ಪೈಸೆ ಲೆಕ್ಕದ ಒಂದು ಗೂಟದಲ್ಲಿ ಸೋಲಬಹುದು. ಮಾಲೀಕರಿಗೂ ಒಂದು ಪಾಠವಿದೆ. ಆ ಕಾರುಗಳನ್ನು ವರ್ಷಗಟ್ಟಲೆ ಉಳಿಸಿಕೊಂಡವರು ವಾರಕ್ಕೊಮ್ಮೆ ನೀರಿನ ಮಟ್ಟ ನೋಡಿ ಉಳಿಸಿಕೊಂಡವರು.

ಗ್ಯಾರೇಜಿನಲ್ಲಿ

ಎಂಜಿನ್ ಬಿಚ್ಚದೆಯೇ ಗ್ಯಾಸ್ಕೆಟ್ ಪರೀಕ್ಷೆ ಮಾಡುವ ಉಪಾಯಗಳಿವೆ. ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನಿಲ್ಲುತ್ತದೆಯೇ ನೋಡುವುದು ಒಂದು. ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು ಇನ್ನೊಂದು. ಅಕ್ಕಪಕ್ಕದ ಎರಡರಲ್ಲೂ ಕಡಿಮೆ ಬಂದರೆ ನಡುವಿನ ಗೋಡೆ ಬಿದ್ದಿದೆ ಎಂದು ಅನುಮಾನ. ಮೂರನೆಯದು ಮಕ್ಕಳಿಗೆ ಇಷ್ಟವಾಗುವಂಥದು. ರೇಡಿಯೇಟರಿನ ಬಾಯಿಂದ ಏಳುವ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ಎಂಬ ನೀಲಿ ದ್ರಾವಣದಲ್ಲಿ ಹಾಯಿಸುತ್ತಾರೆ. ಅದು ಹಳದಿಯಾದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆ, ಅಂದರೆ ಬೆಂಕಿ ನೀರಿನ ಕೋಣೆಗೆ ಬಂದಿದೆ. ಶಾಲೆಯಲ್ಲಿ ಸುಣ್ಣದ ತಿಳಿಯನ್ನು ಬೆಳ್ಳಗೆ ಮಾಡುವ ಅನಿಲವೇ ಇಲ್ಲೂ ಕಳ್ಳನನ್ನು ಹಿಡಿದುಕೊಡುತ್ತದೆ.

“ಬಿಚ್ಚುವುದೇ ಬೇಡ, ಇದನ್ನು ಸುರಿದರೆ ತೂತು ಮುಚ್ಚುತ್ತದೆ” ಎಂದು ಮಾರುವ ಬಾಟಲಿಗಳೂ ಇವೆ. ಇಂಥ ಹಲವು ಬಾಟಲಿಗಳಲ್ಲಿ ಇರುವುದು ಸೋಡಿಯಂ ಸಿಲಿಕೇಟ್. ಬಿಸಿ ತಾಗಿದಾಗ ಅದು ಗಾಜಿನಂತೆ ಗಟ್ಟಿಯಾಗಿ ಸಣ್ಣ ಬಿರುಕು ಮುಚ್ಚುವುದು ನಿಜ. ಆದರೆ ಬಾಗಿದ ಹೆಡ್ಡನ್ನು ಅದು ನೆಟ್ಟಗೆ ಮಾಡದು, ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಮುಚ್ಚಬಲ್ಲದು. ಅಮೆರಿಕ ಸರ್ಕಾರ 2009ರಲ್ಲಿ ಹಳೆಯ ಕಾರುಗಳನ್ನು ರಸ್ತೆಯಿಂದ ತೆಗೆಯುವ ಯೋಜನೆ ತಂದಾಗ ಎಂಜಿನ್ ಮತ್ತೆ ಬಳಕೆಯಾಗದಂತೆ ಕೊಲ್ಲಲು ಎಣ್ಣೆಯ ಬದಲು ತುಂಬಿಸುತ್ತಿದ್ದುದು ಇದೇ ಸೋಡಿಯಂ ಸಿಲಿಕೇಟ್! ಗ್ಯಾಸ್ಕೆಟ್ ಹೋದ ಎಂಜಿನ್ನಿನಲ್ಲಿ ನೀರು ಎಣ್ಣೆಗೆ ಸೇರುವ ಸಾಧ್ಯತೆ ಇದ್ದೇ ಇರುವುದರಿಂದ ಈ ಔಷಧ ಯಾವ ಕೋಣೆಗೆ ಹೋದೀತೆಂದು ಯಾರೂ ಭರವಸೆ ಕೊಡಲಾರರು.

ರಿಪೇರಿಯಲ್ಲಿ ಗ್ಯಾಸ್ಕೆಟ್ಟಿನ ಬೆಲೆ ಸಣ್ಣದು, ಬಿಚ್ಚಿ ಜೋಡಿಸುವ ಕೂಲಿ ದೊಡ್ಡದು. ಆದ್ದರಿಂದ ಒಮ್ಮೆ ಬಿಚ್ಚಿದಾಗ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಬೇಕು. ಹಳೆಯ ಕಾರಾದರೆ ಇನ್ನೊಂದು ಲೆಕ್ಕವೂ ಬೇಕು. ಒಟ್ಟು ಖರ್ಚು ಕಾರಿನ ಇಂದಿನ ಬೆಲೆಯ ಅರ್ಧ ದಾಟುತ್ತದೆಯೇ? ದಾಟುವುದಾದರೆ ಮನೆಮಂದಿ ಕೂತು ಯೋಚಿಸುವ ವಿಷಯ ಅದು, ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೂಂ ಎನ್ನುವ ವಿಷಯವಲ್ಲ.

ಮೆಕ್ಯಾನಿಕ್ಕನ್ನು ಕೇಳಬೇಕಾದ ಆರು ಪ್ರಶ್ನೆ

1. ಗ್ಯಾಸ್ಕೆಟ್ ಹೋಗಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು?

2. ಎಂಜಿನ್ ಕಾದುಹೋದ ಮೂಲ ಕಾರಣ ಯಾವುದು? ಫ್ಯಾನ್, ಪಂಪ್, ಥರ್ಮೋಸ್ಟಾಟ್, ಕೊಳವೆ, ಮುಚ್ಚಳ ಇವುಗಳಲ್ಲಿ ಯಾವುದು ಕೆಟ್ಟಿತ್ತು? ಅದನ್ನು ಸರಿಪಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಹೋಗುತ್ತದೆ.

3. ಹೆಡ್ಡಿನ ತಳ ನೆಟ್ಟಗಿದೆಯೇ ಎಂದು ಅಳೆದಿರಾ? ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಎಷ್ಟು ಉಜ್ಜಿಸಿದಿರಿ? ಬಿರುಕಿನ ಪರೀಕ್ಷೆ ಆಯಿತೇ?

4. ಬೋಲ್ಟುಗಳು ಹೊಸವೇ? ಅನೇಕ ಎಂಜಿನ್‌ಗಳಲ್ಲಿ ಬಿಗಿದಾಗ ಹಿಗ್ಗುವ ಬೋಲ್ಟುಗಳಿವೆ. ಅವನ್ನು ಎರಡನೆಯ ಸಲ ಬಳಸಬಾರದು.

5. ಟಾರ್ಕ್ ರೆಂಚ್ ಬಳಸಿದಿರಾ? ನಡುವಿನ ಬೋಲ್ಟಿನಿಂದ ಹೊರಕ್ಕೆ, ಹಂತಹಂತವಾಗಿ, ಕಂಪನಿ ಹೇಳಿದ ಅಳತೆಗೇ ಬಿಗಿಯಬೇಕು. ಕೈಯಂದಾಜು ಇಲ್ಲಿ ನಡೆಯದು.

6. ಎಣ್ಣೆ, ಫಿಲ್ಟರ್, ಕೂಲೆಂಟ್ ಬದಲಾಯಿಸಿದಿರಾ? ನೀರು ಬೆರೆತಿದ್ದರೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬದಲಾಯಿಸಬೇಕು.

ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕಿತ್ತ ಹಳೆಯ ಗ್ಯಾಸ್ಕೆಟ್ಟನ್ನು ತಾನೇ ತಂದು, ಸುಟ್ಟ ಜಾಗ ತೋರಿಸುತ್ತಾನೆ. ಅದನ್ನು ಮನೆಗೆ ತನ್ನಿ. ವಿಜ್ಞಾನ ಓದುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ.

ವಾರಕ್ಕೆ ಐದು ನಿಮಿಷ

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಮಾರುವವನಿಗೆ ಮೊದಲೇ ಒಂದು ಮಾತು ಹೇಳಿಡಿ: “ನಾನು ಬರುವ ಮೊದಲು ಕಾರು ಸ್ಟಾರ್ಟ್ ಮಾಡಬೇಡಿ.” ತಣ್ಣನೆಯ ಎಂಜಿನ್ ಸುಳ್ಳು ಹೇಳುವುದಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ, ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಬಣ್ಣ ನೋಡಿ, ಮೊದಲ ಸ್ಟಾರ್ಟಿನ ಹೊಗೆ ನೋಡಿ, ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಓಡಿಸಿ ಮುಳ್ಳು ನೋಡಿ. ಹೊಳೆಯುವ ಬಣ್ಣಕ್ಕಿಂತ ಈ ನಾಲ್ಕು ನೋಟ ಮುಖ್ಯ.

ಬ್ಯಾಟರಿಯಿಂದ ಓಡುವ ಕಾರುಗಳಿಗೆ ಹೆಡ್ಡೂ ಇಲ್ಲ, ಹೆಡ್ ಗ್ಯಾಸ್ಕೆಟ್ಟೂ ಇಲ್ಲ. ಆದರೆ ನಮ್ಮ ರಸ್ತೆಗಳಲ್ಲಿರುವ ಪೆಟ್ರೋಲ್, ಡೀಸೆಲ್ ಕಾರುಗಳು ಇನ್ನೂ ಬಹಳ ವರ್ಷ ಓಡಲಿವೆ. ಅವು ಕೈಯಿಂದ ಕೈಗೆ ಮಾರಾಟವಾಗುತ್ತಾ, ಹಳತಾದಷ್ಟೂ ಕಡಿಮೆ ವರಮಾನದ ಸಂಸಾರಗಳಿಗೆ ಬರುತ್ತವೆ. ರಿಪೇರಿಯ ಹೊರೆ ತಡೆದುಕೊಳ್ಳಲಾರದವರಿಗೇ ರಿಪೇರಿ ಹೆಚ್ಚು ಬೇಕಾದ ಕಾರು ಸಿಗುತ್ತದೆ. ಅವರ ಪಾಲಿಗೆ ಮುನ್ನೆಚ್ಚರಿಕೆ ಎನ್ನುವುದು ಹವ್ಯಾಸವಲ್ಲ, ಉಳಿತಾಯ.

ಅದಕ್ಕೆ ಬೇಕಾದದ್ದು ವಾರಕ್ಕೆ ಐದು ನಿಮಿಷ. ಮನೆಯಲ್ಲಿ ಓದುವ ಮಗನೋ ಮಗಳೋ ಇದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ, ಕೂಲೆಂಟಿನ ಮಟ್ಟ ಒಂದು, ಎಣ್ಣೆಯ ಮಟ್ಟ ಒಂದು, ಓಡಿದ ಕಿಲೋಮೀಟರ್ ಒಂದು, ಹೀಗೆ ಮೂರು ಅಂಕಿಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಎರಡು ತಿಂಗಳಲ್ಲಿ ಆ ಪುಟ ನೋಡಿದರೆ ಕಾರಿನ ಆರೋಗ್ಯ ಯಾರಿಗಾದರೂ ಅರ್ಥವಾಗುತ್ತದೆ. ಅಂಕಿ ಇಳಿಯುತ್ತಿದ್ದರೆ ಬಾಟಲಿ ಹಿಡಿದು ತುಂಬಿಸುವ ಮೊದಲು ಮಕ್ಕಳು ಖಂಡಿತ ಕೇಳುತ್ತಾರೆ: “ಅಪ್ಪಾ, ಇದು ಎಲ್ಲಿಗೆ ಹೋಯಿತು?” ಉತ್ತರ ಸಿಗುವವರೆಗೆ ಆ ಪ್ರಶ್ನೆಯನ್ನು ಬಿಡಬೇಡಿ.